ಆಟ ಕಾಂಬುಕಲ್ಲ, ಪದ ಕೇಂಬುಕೆ

ಮೇ ಕೊನೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಡೇರೆ ಮಡಚಿ, ವೇಷದ ಪೆಟ್ಟಿಗೆಗಳಿಗೆ ಬೀಗ ಹಾಕಿ ಕಲಾವಿದರು ಮನೆ ಸೇರುವ ಹೊತ್ತಿಗೆ ಕೊಡಚಾದ್ರಿಯ ಮೇಲೆ ಮೋಡ ಕಟ್ಟಿರುತ್ತದೆ. ಹಾಗೆಂದು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಜನ ಮಳೆಗಾಲವಿಡೀ ಪದ ಕೇಳದೆ ಇರುವವರಲ್ಲ. ದೇವಸ್ಥಾನದ ಸಭಾಭವನದಲ್ಲೋ, ಮದುವೆ ಹಾಲಿನಲ್ಲೋ ಸಂಜೆ ಹೊತ್ತಿಗೆ ‘ಗಾನ ವೈಭವ’ ಎಂಬ ಬ್ಯಾನರ್ ಏಳುತ್ತದೆ. ವೇದಿಕೆಯ ಮೇಲೆ ಇಬ್ಬರೋ ಮೂವರೋ ಭಾಗವತರು, ಮದ್ದಳೆ, ಚೆಂಡೆ, ಹಾರ್ಮೋನಿಯಂ. ಕೆಲವೊಮ್ಮೆ ಕೊಳಲು, ಪಿಟೀಲು. ವೇಷವಿಲ್ಲ, ಕುಣಿತವಿಲ್ಲ, ಅರ್ಥಗಾರಿಕೆಯೂ ಇಲ್ಲ. ಪದ ಮಾತ್ರ.

ರಂಗಸ್ಥಳದಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುವ ಪದ ಇಲ್ಲಿ ಹತ್ತು ನಿಮಿಷಕ್ಕೆ ಬೆಳೆಯುತ್ತದೆ. ಭಾಗವತರು ಸ್ವರ ತಗ್ಗಿಸುತ್ತಾರೆ, ಒಂದು ಅಕ್ಷರದ ಮೇಲೆ ನಿಂತು ರಾಗವನ್ನು ನಿಧಾನಕ್ಕೆ ಬಿಡಿಸುತ್ತಾರೆ. ಚೆಂಡೆಯವರು ಕೋಲು ತೊಡೆಯ ಮೇಲಿಟ್ಟು ಸುಮ್ಮನೆ ಕೂತಿರುತ್ತಾರೆ. ಸಭೆಯಲ್ಲಿ ಆಗಲೇ ಎರಡು ಬಣ. ಒಂದು ಬಣ ಕಣ್ಣು ಮುಚ್ಚಿ ತಲೆದೂಗುತ್ತದೆ. ಇನ್ನೊಂದು ಬಣ ಪಕ್ಕದವರ ಕಿವಿಯಲ್ಲಿ, ‘ಇದು ಆಟದ ಪದವೋ ಭಾವಗೀತೆಯೋ ಮಾರಾಯ್ರೆ?’ ಎನ್ನುತ್ತದೆ.

ಈ ತಕರಾರಿಗೆ ಇಲ್ಲಿ ನಲವತ್ತು ವರ್ಷ ದಾಟಿತು. ಅಬ್ಬರದ ಗಾಯಕನೊಬ್ಬ ದನಿ ಇಳಿಸಿದಾಗ ಕೇಳುಗರು ಯಾರೋ ತಮ್ಮ ಗದ್ದೆಯ ಅಂಚು ಕಡಿದಂತೆ ಸಿಡಿಮಿಡಿಗೊಳ್ಳುವುದು ಜಗತ್ತಿನ ಬೇರೆ ಮೂಲೆಗಳಲ್ಲೂ ಉಂಟು.

ಪಶ್ಚಿಮದ ಸಂಗೀತದಲ್ಲಿ ಅಬ್ಬರಕ್ಕೆ ಹೆಸರಾದದ್ದು ಹೆವಿ ಮೆಟಲ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬಾತ್ ತಂಡ 1970ರಲ್ಲಿ ತಂದ ಮೊದಲ ಆಲ್ಬಮ್ಮಿನಿಂದ ಅದರ ಲೆಕ್ಕ ಶುರುಮಾಡುವವರು ಹೆಚ್ಚು. ಅದರ ಗಿಟಾರ್ ವಾದಕ ಟೋನಿ ಐಯೋಮಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡವರು. ನೋವಾಗದಂತೆ ತಂತಿ ಸಡಿಲಿಸಿಕೊಂಡು ನುಡಿಸಿದರು, ನಾದ ತಗ್ಗಿ ಭಾರವಾಯಿತು. ಆ ಭಾರಕ್ಕೆ ಸರಿಗಟ್ಟಲು ಮುಂದಿನವರು ಕಿರುಚಿದರು, ಗುಡುಗಿದರು, ಗಂಟಲಾಳದಿಂದ ಗುರುಗುಟ್ಟಿದರು. ನಮ್ಮವರಿಗೂ ಇದು ಅಪರಿಚಿತವಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿಹೋದವು.

ಇಂಥ ಅಬ್ಬರದ ಪೂರ್ವಜರಲ್ಲಿ ಒಬ್ಬರು ಲೆಡ್ ಝೆಪ್ಪೆಲಿನ್ ತಂಡದ ರಾಬರ್ಟ್ ಪ್ಲಾಂಟ್. 2007ರಲ್ಲಿ ಅವರು ಆಲಿಸನ್ ಕ್ರಾಸ್ ಎಂಬ ಜಾನಪದ ಧಾಟಿಯ ಗಾಯಕಿಯೊಡನೆ ‘ರೈಸಿಂಗ್ ಸ್ಯಾಂಡ್’ ಎಂಬ ಮೆಲುದನಿಯ ಆಲ್ಬಮ್ ತಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಲೆಡ್ ಝೆಪ್ಪೆಲಿನ್ ಲಂಡನ್ನಿನಲ್ಲಿ ಒಂದೇ ಒಂದು ರಾತ್ರಿಗೆ ಮತ್ತೆ ಒಂದಾಯಿತು. ಅಭಿಮಾನಿಗಳು ಇನ್ನೂ ಬೇಕು ಎಂದು ಹಟ ಹಿಡಿದರೂ ಪ್ಲಾಂಟ್ ಮಣಿಯಲಿಲ್ಲ, ಕ್ರಾಸ್ ಜತೆ ಮೆಲುಹಾಡಿನ ತಿರುಗಾಟಕ್ಕೆ ಹೊರಟರು. 2009ರಲ್ಲಿ ಆ ಆಲ್ಬಮ್ಮಿಗೆ ವರ್ಷದ ಶ್ರೇಷ್ಠ ಆಲ್ಬಮ್ ಎಂದು ಗ್ರ್ಯಾಮಿ ಬಂತು. ಸ್ವೀಡನ್ನಿನ ಓಪೆತ್ ಎಂಬ ಮೆಟಲ್ ತಂಡದ ಮಿಕಾಯೆಲ್ ಓಕರ್ಫೆಲ್ಟ್ ಕಥೆ ಇನ್ನೊಂದು ಬಗೆ. ಗುರುಗುಟ್ಟುವುದರಲ್ಲಿ ಎತ್ತಿದ ಕೈ ಆದ ಅವರು 2003ರ ‘ಡ್ಯಾಮ್ನೇಶನ್’ನಲ್ಲಿ ಒಮ್ಮೆಯೂ ಗುರುಗುಟ್ಟಲಿಲ್ಲ. ಅದನ್ನು ಜನ ಮನ್ನಿಸಿದರು. 2011ರ ‘ಹೆರಿಟೇಜ್’ನಲ್ಲಿ ಮತ್ತೆ ಹಾಗೇ ಮಾಡಿದಾಗ ಅಭಿಮಾನಿಗಳು ಎರಡು ಪಾಲಾದರು. ಆ ಗುರುಗುಟ್ಟು ಆಲ್ಬಮ್ಮಿಗೆ ಮರಳಿದ್ದು 2024ರಲ್ಲಿ.

ಇಷ್ಟು ದೂರ ಹೋದದ್ದು ಸುಮ್ಮನೆ ಅಲ್ಲ. ನಮ್ಮ ಭಾಗವತಿಕೆಯೂ ಹುಟ್ಟಿನಿಂದ ಗಟ್ಟಿದನಿಯ ಹಾಡು.

ಮಂದಾರ್ತಿಯಿಂದ ಐದು ಮೇಳ ಹೊರಡುತ್ತವೆ, ಮಾರಣಕಟ್ಟೆಯಿಂದ ಮೂರು. ಅವು ಹರಕೆಯ ಆಟಗಳಿಗಾಗಿ ಊರೂರು ತಿರುಗುವ ಬಯಲಾಟದ ಮೇಳಗಳು. ಕೊಯ್ಲಾದ ಗದ್ದೆಯಲ್ಲಿ ಅಥವಾ ಮನೆಯ ಅಂಗಳದಲ್ಲಿ ರಂಗಸ್ಥಳ, ಮೇಲೆ ತೆರೆದ ಆಕಾಶ. ಮೈಕಿಲ್ಲದ ಕಾಲದಲ್ಲಿ ಭಾಗವತನ ದನಿ ಗದ್ದೆಯ ಕೊನೆಯ ಹುಣಿಯ ಮೇಲೆ ಕೂತವನಿಗೂ ಮುಟ್ಟಬೇಕಿತ್ತು, ಅದೂ ಚೆಂಡೆಯ ಪೆಟ್ಟನ್ನು ಸೀಳಿಕೊಂಡು, ಬೆಳಗಿನವರೆಗೆ. ಆದ್ದರಿಂದ ಶ್ರುತಿ ಏರಿತು. ಸಂಗೀತ ಕಛೇರಿಯಲ್ಲಿ ಗಂಡಸರು ಹಾಡುವುದಕ್ಕಿಂತ ಬಹಳ ಎತ್ತರದ ಶ್ರುತಿಯಲ್ಲಿ, ಎದೆ ತುಂಬಿ, ಅಕ್ಷರ ಒಡೆಯದಂತೆ ಹೇಳುವ ಕ್ರಮ ಬೆಳೆಯಿತು. ಹೌದು, ಹಳೆಯ ತಲೆಮಾರು ಪದ ‘ಹಾಡುವುದು’ ಎನ್ನುವುದಿಲ್ಲ, ಪದ ‘ಹೇಳುವುದು’ ಎನ್ನುತ್ತದೆ. ಯುದ್ಧ, ಕ್ರೋಧಕ್ಕೆ ಏರುಪದ. ಆಗ ಚೆಂಡೆ, ಭಾಗವತ, ವೇಷಧಾರಿ ಮೂವರೂ ಒಂದೇ ಉಸಿರಿನಲ್ಲಿ ಓಡುತ್ತಾರೆ. ಮೆಟಲ್ ಕಛೇರಿಯಲ್ಲಿ ಎದೆ ನಡುಗಿತೆಂದು ಹೆಮ್ಮೆಪಡುವ ಹುಡುಗರು ಒಮ್ಮೆ ಚೆಂಡೆಯ ಪಕ್ಕ ನಿಂತು ಏರುಪದ ಕೇಳಬೇಕು.

ಕಳೆದ ಶತಮಾನದ ನಡುವಿಗೆ ಡೇರೆ ಮೇಳಗಳು ಬಂದವು. ಟಿಕೆಟ್ಟು ಬಂತು, ವಿದ್ಯುದ್ದೀಪ ಬಂತು, ಭಾಗವತನ ಮುಂದೆ ಮೈಕು ಬಂತು. ಯಕ್ಷಗಾನದ ಬದಲಾವಣೆಗಳ ಬಗ್ಗೆ ಪುಟಗಟ್ಟಲೆ ಚರ್ಚೆಯಾಗಿದೆ. ಆದರೆ ಈ ಮೈಕಿಗೆ ಸಲ್ಲಬೇಕಾದಷ್ಟು ಮರ್ಯಾದೆ ಸಂದಿಲ್ಲ ಎಂದು ತೋರುತ್ತದೆ. ಪಿಸುಮಾತಿನಂಥ ಸ್ವರವೂ ಸಾವಿರ ಜನಕ್ಕೆ ಮುಟ್ಟುತ್ತದೆಂದು ಗೊತ್ತಾದ ಮೇಲೆ ಗಂಟಲು ಹರಿಯುವಂತೆ ಕೂಗಬೇಕಾದ ಅಗತ್ಯ ಎಲ್ಲಿ? ಬೇಕಾದದ್ದು ಆ ಸಲಿಗೆಯನ್ನು ಬಳಸಿಕೊಳ್ಳುವ ಒಂದು ಕಂಠ.

ಆ ಕಂಠ ಗುಂಡ್ಮಿಯಿಂದ ಬಂತು. ಸಾಲಿಗ್ರಾಮದ ಪಕ್ಕದ ಈ ಊರು ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರುತ್ತದೆ. 1958ರಲ್ಲಿ ಹುಟ್ಟಿದ ಕಾಳಿಂಗ ನಾವಡರ ತಂದೆ ರಾಮಚಂದ್ರ ನಾವಡರೂ ಭಾಗವತರೇ. ಮಗ ಕಲಿತದ್ದು ನಾರಣಪ್ಪ ಉಪ್ಪೂರರಲ್ಲಿ. ಉಪ್ಪೂರರೆಂದರೆ ಈ ಸೀಮೆಯ ಶೈಲಿಯಾದ ಬಡಗುತಿಟ್ಟಿನ ಭಾಗವತಿಕೆಯ ಗಟ್ಟಿ ಅಡಿಪಾಯ. ಲಯ ಅಲುಗದ, ಸಾಹಿತ್ಯ ಮುರಿಯದ ಕ್ರಮ ಅವರದು. ಆ ಅಡಿಪಾಯದ ಮೇಲೆ ನಿಂತ ಶಿಷ್ಯ ಸಾಲಿಗ್ರಾಮ ಮೇಳದ ಭಾಗವತರಾಗಿ ಬೇರೆಯದೇ ಮನೆ ಕಟ್ಟಿದರು.

ನಾವಡರು ಮಾಡಿದ್ದೇನು? ಶೃಂಗಾರ, ಕರುಣದ ಪದಗಳಲ್ಲಿ ವೇಗ ಇಳಿಸಿದರು. ಪದಕ್ಕೆ ಮುನ್ನ ರಾಗ ಹರಡಲು ಸಮಯ ಕೇಳಿದರು. ಆಟದಲ್ಲಿ ಅಷ್ಟಾಗಿ ಕೇಳಿಸದಿದ್ದ, ಆದರೆ ಸಿನಿಮಾ ಮತ್ತು ಸುಗಮ ಸಂಗೀತದ ಮೂಲಕ ಜನರ ಕಿವಿಗೆ ಪರಿಚಯವಿದ್ದ ರಾಗಗಳನ್ನು ರಂಗಸ್ಥಳಕ್ಕೆ ಕರೆತಂದರು. ಸಾಲದ್ದಕ್ಕೆ ತಾವೇ ಪ್ರಸಂಗ ಬರೆದರು. ಅವರ ‘ನಾಗಶ್ರೀ’ಯನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಕುಂದಾಪುರದ ಕಡೆ ‘ಆಟ ಕಾಂಬುಕೆ’, ಎಂದರೆ ನೋಡಲು, ಹೋಗುವುದು ರೂಢಿಯ ಮಾತು. ನಾವಡರ ಕಾಲದಲ್ಲಿ ‘ಪದ ಕೇಂಬುಕೆ’ ಹೋಗುವ ಒಂದು ಹೊಸ ಜಾತಿಯೇ ಹುಟ್ಟಿತು. ಕೈಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ಡೇರೆಗೆ ಬಂದು, ಭಾಗವತರ ಪದವಷ್ಟನ್ನೇ ತುಂಬಿಸಿಕೊಂಡು, ಅರ್ಥಗಾರಿಕೆ ಬಂದಾಗ ಗುಂಡಿ ಒತ್ತಿ ನಿಲ್ಲಿಸುವವರು ಇವರು. ಗಾನ ವೈಭವದ ಬೀಜ ಇಲ್ಲೇ ಬಿತ್ತು. ಏಕವ್ಯಕ್ತಿ ಆಲ್ಬಮ್ ಎಂಬ ಹೆಸರಿಲ್ಲದೆಯೇ ಆ ಕ್ಯಾಸೆಟ್ಟುಗಳು ಒಬ್ಬ ಗಾಯಕನ ಆಲ್ಬಮ್ಮುಗಳಾದವು.

ವಿರೋಧವೂ ಅಷ್ಟೇ ಜೋರಾಗಿತ್ತು. ಅದನ್ನು ಹಳಬರ ಗೊಣಗಾಟ ಎಂದು ತಳ್ಳಿಹಾಕುವುದು ಸರಿಯಲ್ಲ, ಅದರಲ್ಲಿ ಹುರುಳಿದೆ. ಯಕ್ಷಗಾನದ ಪ್ರತಿ ಪದಕ್ಕೂ ಒಂದು ಮಟ್ಟು ಇದೆ. ತಾಳ, ಛಂದಸ್ಸು, ಧಾಟಿ ಮೂರೂ ಹೆಣೆದುಕೊಂಡ ಅಚ್ಚು ಅದು. ರಾಗದ ಆಸೆಗೆ ಅಕ್ಷರ ಎಳೆದರೆ ಮಟ್ಟು ಸಡಿಲವಾಗುತ್ತದೆ. ಭಾಗವತ ಆಲಾಪನೆಯಲ್ಲಿ ಮೈಮರೆತರೆ ರಂಗದ ಮೇಲೆ ಗೆಜ್ಜೆ ಕಟ್ಟಿ ನಿಂತ ವೇಷಧಾರಿ ಏನು ಮಾಡಬೇಕು? ಕೈ ತಿರುಗಿಸುತ್ತಾ ಕಾಯಬೇಕು. ಭಾಗವತನನ್ನು ಒಂದನೇ ವೇಷ ಎನ್ನುತ್ತಾರೆ, ಇಡೀ ಆಟವನ್ನು ಆಡಿಸುವ ಸೂತ್ರಧಾರ ಅವನು. ಅವನೇ ತನ್ನ ಕಂಠಕ್ಕೆ ಚಪ್ಪಾಳೆ ಬಯಸಿದರೆ ಆಟ ಕಛೇರಿಯಾಗುತ್ತದೆ ಎಂಬುದು ಆಕ್ಷೇಪದ ತಿರುಳು.

ಕೋಟದ ಶಿವರಾಮ ಕಾರಂತರು ಡೇರೆ ಮೇಳಗಳ ಹೊಸ ಹಾದಿಯನ್ನು ಮೆಚ್ಚಿದವರಲ್ಲ. ಹಳೆಯ ಪ್ರಸಂಗಗಳನ್ನು ಕೆದಕಿ, ಕಳೆದುಹೋಗುತ್ತಿದ್ದ ರಾಗ, ಮಟ್ಟುಗಳ ಜಾಡು ಹಿಡಿದವರು ಅವರು. ಆದರೆ ಅದೇ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲು ತಂದರು, ಸ್ಯಾಕ್ಸೋಫೋನ್ ಕೂಡ ತಂದರು, ಮಾತನ್ನೇ ತೆಗೆದುಹಾಕಿದರು. ಆಗ ಬೈಯಿಸಿಕೊಳ್ಳುವ ಸರದಿ ಅವರದಾಗಿತ್ತು. ಸಂಪ್ರದಾಯದ ಕಾವಲಿಗೆ ನಿಂತವರೂ ಹೊಸತರ ರುಚಿ ನೋಡದೆ ಬಿಡಲಿಲ್ಲ ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತ ನಾವಡರನ್ನು ಕೊಂಡೊಯ್ದಿತು. ವಯಸ್ಸು ಮೂವತ್ತೆರಡರ ಹತ್ತಿರ. ಆಮೇಲೆ ಟೀಕೆ ತಣ್ಣಗಾಯಿತು, ಕ್ಯಾಸೆಟ್ಟುಗಳಿಗೆ ಬೇಡಿಕೆ ಏರಿತು. ಸಾವು ಜಗಳ ಬಿಡಿಸುವ ರೀತಿ ಅದು, ಅಷ್ಟೇನೂ ನ್ಯಾಯದ್ದಲ್ಲ. ಇಂದು ರಂಗಸ್ಥಳದಲ್ಲಿ ಶಿವರಂಜನಿ, ರೇವತಿ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಉಪ್ಪೂರರ ಗರಡಿಯಿಂದಲೇ ಬಂದ ಇನ್ನೊಬ್ಬರು ಸುಬ್ರಹ್ಮಣ್ಯ ಧಾರೇಶ್ವರ. ಗೋಕರ್ಣದವರು, ನೆಲೆ ನಿಂತದ್ದು ಬೈಂದೂರು ಸೀಮೆಯ ಕಿರಿಮಂಜೇಶ್ವರದಲ್ಲಿ. ಅವರು ಮೇಳಕ್ಕೆ ಕಾಲಿಟ್ಟದ್ದು ಭಾಗವತರಾಗಿ ಅಲ್ಲ, ಎಲೆಕ್ಟ್ರಿಷಿಯನ್ ಆಗಿ. ದೀಪದ ತಂತಿ ನೋಡಿಕೊಳ್ಳುತ್ತಿದ್ದ ಯುವಕ ಕಡೆಗೆ ಮೈಕಿನ ಮುಂದೆಯೇ ಕೂತರು. ಪೆರ್ಡೂರು ಮೇಳದಲ್ಲಿ 28 ವರ್ಷ ಪ್ರಧಾನ ಭಾಗವತರಾಗಿದ್ದ ಅವರ ಹಾಡಿಕೆಯಲ್ಲೂ ಸುಗಮ ಸಂಗೀತದ ನಯ ಢಾಳಾಗಿ ಕೇಳಿಸುತ್ತಿತ್ತು. ಅವರಿಗೂ ಅದೇ ಎರಡು ಬಣ. 2024ರ ಏಪ್ರಿಲ್ 25ರಂದು ಅವರು ತೀರಿಕೊಂಡಾಗ ಎರಡೂ ಬಣಗಳ ಜನ ಅತ್ತರು.

ನಾವಡರ ಬಗ್ಗೆ ಮಾತಾಡುವವರು ಮರೆಯುವ ಒಂದು ಸಂಗತಿಯಿದೆ. ಅವರು ಏರುಪದ ಬಾರದೆ ಮೆಲುದನಿಗೆ ಜಾರಿದವರಲ್ಲ. ಉಳಿದಿರುವ ಧ್ವನಿಮುದ್ರಣಗಳನ್ನು ಕೇಳಿ, ಒಂದು ಕರುಣದ ಪದದ ಬೆನ್ನಿಗೇ ಚೆಂಡೆಯ ಮೇಲೆ ಸವಾರಿ ಮಾಡುವ ಯುದ್ಧದ ಪದ ಸಿಗುತ್ತದೆ. ಗಟ್ಟಿದನಿ ಕೈವಶವಾದವನು ಅದನ್ನು ಬೇಕೆಂದೇ ಕೆಳಗಿಟ್ಟಾಗ ಆ ಮೌನಕ್ಕೆ ತೂಕ ಬರುತ್ತದೆ. ಪ್ಲಾಂಟ್ ಅವರ ಮೆಲುಹಾಡಿಗೂ ಬಂದದ್ದು ಅದೇ ತೂಕ. ತೊಂದರೆ ಇರುವುದು ನಾವಡರಲ್ಲಲ್ಲ, ನಾವಡರ ನಕಲಿನಲ್ಲಿ. ಉಪ್ಪೂರರ ಪಾಠವನ್ನು ಹಾರಿಸಿ ನೇರವಾಗಿ ನಾವಡರ ಗಮಕಕ್ಕೆ ಬಂದ ಕಂಠಗಳಲ್ಲಿ ಸಿಹಿ ಇದೆ, ಬೆನ್ನೆಲುಬಿಲ್ಲ.

ಗಾನ ವೈಭವವನ್ನು ಆಟದ ತಕ್ಕಡಿಯಲ್ಲಿ ತೂಗುವುದೂ ಅನ್ಯಾಯವೇ. ಕಾಯುತ್ತಾ ನಿಂತ ವೇಷಧಾರಿ ಅಲ್ಲಿಲ್ಲ, ಹಾಗಾಗಿ ಆಲಾಪನೆಗೆ ತಕರಾರಿಲ್ಲ. ತಕರಾರು ಬೇಕಿದ್ದರೆ ಬೇರೆ ಇದೆ. ಇಬ್ಬರು ಭಾಗವತರ ದ್ವಂದ್ವ ಹಾಡುಗಾರಿಕೆ ಎಷ್ಟೋ ಸಲ ಯಾರು ಉಸಿರು ಹೆಚ್ಚು ಹಿಡಿಯುತ್ತಾರೆ ಎಂಬ ಪಂದ್ಯವಾಗುತ್ತದೆ. ಮೆಲುವಾಗಿ ಶುರುವಾದ ಸಂಜೆ ಶಿಳ್ಳೆಯ ಆಸೆಗೆ ಮತ್ತೆ ಅಬ್ಬರಕ್ಕೇ ಏರುತ್ತದೆ.

ಈ ಸೀಮೆಯ ಕಿವಿಗೆ ಅಬ್ಬರ ಬೇಡವೆಂದಲ್ಲ. ‘ಕೆಜಿಎಫ್’ ಚಿತ್ರಗಳ ಗುಡುಗಿನಂಥ ಸಂಗೀತ ಕೊಟ್ಟ ರವಿ ಬಸ್ರೂರು ಕುಂದಾಪುರದ ಪಕ್ಕದ ಬಸ್ರೂರಿನವರು. 2025ರಲ್ಲಿ ಅವರು ಯಕ್ಷಗಾನವನ್ನೇ ತೆರೆಗೆ ತಂದು ‘ವೀರ ಚಂದ್ರಹಾಸ’ ನಿರ್ದೇಶಿಸಿದರು. ಥಿಯೇಟರಿನಿಂದ ಹೊರಬಂದವರಲ್ಲಿ ಮತ್ತೆ ಅದೇ ಮಾತು, ಇದು ಆಟವೋ ಸಿನಿಮಾವೋ ಎಂದು. ಇಲ್ಲಿನವರು ಪದ ಕೇಳಿ ಸುಮ್ಮನೆ ಎದ್ದುಹೋಗುವವರಲ್ಲ, ಅದೊಂದು ಸಮಾಧಾನ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. 80ರ ದಶಕದಲ್ಲಿ ಡೇರೆಯಲ್ಲಿ ತುಂಬಿಸಿಕೊಂಡ ಕ್ಯಾಸೆಟ್ಟುಗಳು ಎಷ್ಟೋ ಮನೆಯ ಅಟ್ಟದಲ್ಲಿ, ಗೋಡೆಯ ಕಪಾಟಿನಲ್ಲಿ ಬಿದ್ದಿವೆ. ಕರಾವಳಿಯ ಮಳೆಗೆ ಟೇಪು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಹಾಗೇ ಹಾಕಿ ತಿರುಗಿಸಿದರೆ ಟೇಪು ಹರಿಯುತ್ತದೆ. ಈ ಮಳೆಗಾಲಕ್ಕೆ ಮುಂಚೆ ಅವನ್ನು ಇಳಿಸಿ ನೋಡಿ, ತಿಳಿದವರಿಂದ ಶುಚಿ ಮಾಡಿಸಿ ಕಂಪ್ಯೂಟರಿಗೆ ಏರಿಸಿಕೊಳ್ಳಿ. ಯಾವ ಊರಿನ ಆಟ, ಯಾವ ಪ್ರಸಂಗ, ಮದ್ದಳೆ ಯಾರದು, ಚೆಂಡೆ ಯಾರದು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದಿಡಿ. ಅಂಥ ಹೆಚ್ಚಿನ ಕ್ಯಾಸೆಟ್ಟುಗಳ ಮೇಲೆ ಬರೆದಿರುವುದು ಭಾಗವತರ ಹೆಸರೊಂದೇ.