ಬೆನ್ನು ಬಾಗಿದರೆ ಎತ್ತರ ದಕ್ಕಿತು!

ಮಕ್ಕಳೇ, ಶಾಲೆಯ ಕ್ರೀಡಾಕೂಟದಲ್ಲಿ ಎತ್ತರ ಜಿಗಿತ ನೋಡಿದ್ದೀರಲ್ಲವೇ? ಪೋಲ್‌ವಾಲ್ಟ್‌ನಲ್ಲಿ ಆಟಗಾರರನ್ನು ಮೇಲೆತ್ತಲು ಬಾಗುವ ಕೋಲು ಇರುತ್ತದೆ. ಎತ್ತರ ಜಿಗಿತದಲ್ಲಿ ಅದೂ ಇಲ್ಲ. ಓಡಿ ಬಂದು ಒಂದೇ ಕಾಲಿನಿಂದ ನೆಲವನ್ನು ಒದ್ದು ಮೇಲೇಳಬೇಕು. ಗೋಣಿಕೊಪ್ಪಲಿನ ಮೈದಾನವಾಗಲಿ, ಲಂಡನ್ನಿನ ಕ್ರೀಡಾಂಗಣವಾಗಲಿ, ಭೂಮಿ ಎಲ್ಲರನ್ನೂ ಕೆಳಕ್ಕೇ ಎಳೆಯುತ್ತದೆ.

ಹೀಗಿದ್ದರೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಸಹನಾ ಕುಮಾರಿ 2012ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಎತ್ತರ ಜಿಗಿದರು. ಅಂದರೆ ಸುಮಾರು ಆರು ಅಡಿ ಮೂರೂವರೆ ಅಂಗುಲ! ಬಾಬಿ ಅಲೋಶಿಯಸ್ 2004ರಲ್ಲಿ ಮಾಡಿದ್ದ 1.91 ಮೀಟರ್‌ಗಳ ರಾಷ್ಟ್ರೀಯ ದಾಖಲೆ ಒಂದೇ ಸೆಂಟಿಮೀಟರ್‌ನಿಂದ ಮುರಿಯಿತು. ಲಂಡನ್ ಒಲಿಂಪಿಕ್ಸ್‌ಗೆ ಹೋಗಲು ಕನಿಷ್ಠ ಬೇಕಿದ್ದ ಎತ್ತರವೂ 1.92 ಮೀಟರೇ. ಆಗ ಅವರು ಒಂದು ಮಗುವಿನ ತಾಯಿ.

ಇಷ್ಟು ಎತ್ತರ ಜಿಗಿಯುವುದು ಹೇಗೆ? ನಮ್ಮ ದೇಹದ ತೂಕವೆಲ್ಲ ಒಂದು ಬಿಂದುವಿನಲ್ಲಿ ನೆಲೆಸಿದೆ ಎಂದು ಭಾವಿಸಬಹುದು. ಇದೇ ಗುರುತ್ವ ಕೇಂದ್ರ. ನೆಟ್ಟಗೆ ನಿಂತಾಗ ಇದು ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಕತ್ತರಿಯಂತೆ ಕಾಲು ಬೀಸಿ ಹಾರುವಾಗ ದೇಹ ನೆಟ್ಟಗಿರುವುದರಿಂದ ಈ ಬಿಂದುವನ್ನು ಅಡ್ಡಪಟ್ಟಿಗಿಂತ ಸಾಕಷ್ಟು ಮೇಲಕ್ಕೆ ಒಯ್ಯಬೇಕಾಗುತ್ತದೆ.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಪಟ್ಟಿಗೆ ಬೆನ್ನು ಮಾಡಿ ಹಾರಿ, 2.24 ಮೀಟರ್ ಜಿಗಿದು ಚಿನ್ನ ಗೆದ್ದರು. ಈ ವಿಧಾನದಲ್ಲಿ ಮೊದಲು ತಲೆ, ಆಮೇಲೆ ಬೆನ್ನು, ಕೊನೆಗೆ ಕಾಲು ಪಟ್ಟಿ ದಾಟುತ್ತವೆ. ಬೆನ್ನು ಬಿಲ್ಲಿನಂತೆ ಬಾಗಿದಾಗ ಗುರುತ್ವ ಕೇಂದ್ರ ದೇಹದ ಹೊರಗೇ ಬರಬಹುದು! ದೇಹ ಪಟ್ಟಿಯ ಮೇಲೆ ಸಾಗಿದರೂ ಆ ಬಿಂದು ಪಟ್ಟಿಯ ಕೆಳಗೇ ಹಾದುಹೋಗಬಹುದು. ಹೀಗಾಗಿ ಕಾಲಿನ ಬಲ ಅಷ್ಟೇ ಇದ್ದರೂ ಹೆಚ್ಚು ಎತ್ತರ ದಾಟಬಹುದು. ಇಂದಿನ ಆಟಗಾರರು ಅನುಸರಿಸುವುದು ಇದೇ ವಿಧಾನವನ್ನು.

ಲಂಡನ್ನಿನಲ್ಲಿ ಸಹನಾ 1.80 ಮೀಟರ್ ದಾಟಿದರು. ಅಂತಿಮ ಸುತ್ತು ತಲುಪಲಾಗಲಿಲ್ಲ. ಆದರೆ ಜಿಗಿತ ಅವರ ಮನೆಯಲ್ಲಿ ನಿಲ್ಲಲಿಲ್ಲ. ಮಗಳು ಪಾವನಾ 2024ರಲ್ಲಿ ದುಬೈನಲ್ಲಿ ನಡೆದ 20 ವರ್ಷದೊಳಗಿನವರ ಏಷ್ಯಾ ಕೂಟದಲ್ಲಿ ಉದ್ದ ಜಿಗಿತದ ಚಿನ್ನ ಗೆದ್ದರು.

ಮಾಡಿ ನೋಡಿ: ಒಂದು ಬಳೆಯನ್ನು ಮೇಜಿನ ಮೇಲಿಡಿ. ಅದರ ನಡುಬಿಂದು ಎಲ್ಲಿದೆ? ಬಳೆಯ ಮೇಲಲ್ಲ, ಒಳಗಿನ ಖಾಲಿ ಜಾಗದಲ್ಲಿ! ಬಳೆಯ ಗುರುತ್ವ ಕೇಂದ್ರವೂ ಅಲ್ಲೇ ಇದೆ.

ಎಚ್ಚರಿಕೆ: ಬೆನ್ನು ಮಾಡಿ ಹಾರಿದಾಗ ಬೀಳುವುದೂ ಬೆನ್ನಿನ ಮೇಲೇ. ಅದಕ್ಕೆ ದಪ್ಪನೆಯ ಮೆತ್ತೆ ಮತ್ತು ತರಬೇತುದಾರರು ಬೇಕೇ ಬೇಕು. ಮರಳಿನ ಗುಂಡಿ ಮಾತ್ರ ಇದ್ದರೆ ಕತ್ತರಿ ಜಿಗಿತವನ್ನೇ ಮಾಡಿ.