ಷೇರು ಯಾರ ಹೆಸರಲ್ಲಿ, ಮಾಲೀಕರು ಯಾರು?

ಹುಡಗಿ, ಹುಮನಾಬಾದ್, ಬಸವಕಲ್ಯಾಣದ ಕಡೆಯ ಮನೆತನದ ವ್ಯಾಪಾರಗಳು ಪ್ರೈವೇಟ್ ಲಿಮಿಟೆಡ್ ಆದಾಗ ಷೇರುಗಳೂ ಮನೆಯೊಳಗೇ ಹಂಚಿಕೆಯಾಗುತ್ತವೆ. ‘ನಿಜವಾದ ಮಾಲೀಕರು ಯಾರೆಂದು ಸರ್ಕಾರಕ್ಕೆ ತಿಳಿಸುವ ನಿಯಮ ದೊಡ್ಡ ಕಂಪನಿಗಳಿಗೆ, ನಮಗಲ್ಲ’ ಎಂಬ ನಂಬಿಕೆ ಇಂಥವರಲ್ಲಿ ಗಟ್ಟಿಯಾಗಿದೆ. 2024ರ ಮೇ ತಿಂಗಳಲ್ಲಿ ಲಿಂಕ್ಡ್‌ಇನ್ ಇಂಡಿಯಾ ಕಂಪನಿಗೂ ಅದರ ಮಾತೃಸಂಸ್ಥೆ ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲಾ ಅವರಿಗೂ ಇದೇ ನಿಯಮದಡಿ ದಂಡ ಬಿದ್ದ ಸುದ್ದಿ ಅದನ್ನು ಇನ್ನಷ್ಟು ಬಲಪಡಿಸಿರಬಹುದು. ಆದರೆ 2013ರ ಕಂಪನಿ ಕಾಯ್ದೆಯ 90ನೇ ಕಲಮಾಗಲಿ, 2018ರಲ್ಲಿ ಬಂದು 2019ರಲ್ಲಿ ತಿದ್ದುಪಡಿಯಾದ ನಿಯಮಗಳಾಗಲಿ ವಹಿವಾಟಿನ ಗಾತ್ರವನ್ನು ನೋಡುವುದಿಲ್ಲ. ಷೇರಿಗೂ ಅದರ ಹಿಂದಿರುವ ವ್ಯಕ್ತಿಗೂ ನಡುವೆ ಇನ್ನೊಂದು ಹೆಸರಿದೆಯೇ ಎಂದಷ್ಟೇ ನೋಡುತ್ತವೆ.

ಒಂದು ದಾಲ್ ಮಿಲ್ ಕಂಪನಿಯನ್ನು ಊಹಿಸಿಕೊಳ್ಳಿ. ತಮ್ಮನ ಸ್ವಂತ ಹೆಸರಲ್ಲಿ ಶೇ 60 ಷೇರು, ಉಳಿದ ಶೇ 40 ಅವಿಭಕ್ತ ಕುಟುಂಬದ ಹೆಸರಲ್ಲಿ. ಅದಕ್ಕೆ ಅಣ್ಣ ಕರ್ತಾ, ಅಂದರೆ ಯಜಮಾನ. ಶೇ 60 ಇರುವ ತಮ್ಮನೇ ಘೋಷಣೆ ಕೊಡಬೇಕೆಂದು ಯಾರಿಗಾದರೂ ಅನಿಸೀತು. ವಾಸ್ತವ ತಿರುಗುಮುರುಗು. ತಮ್ಮನದು ನೇರ ಪಾಲು, ಸದಸ್ಯರ ರಿಜಿಸ್ಟರಿನಲ್ಲಿ ಎಲ್ಲರಿಗೂ ಕಾಣುತ್ತದೆ. ಅಷ್ಟೇ ಆದರೆ ಈ ನಿಯಮ ಅವನನ್ನು ಮುಟ್ಟುವುದಿಲ್ಲ. ಕುಟುಂಬದ ಮೂಲಕ ಶೇ 10ರ ಮಿತಿ ದಾಟಿದ ಅಣ್ಣನೇ ಬೆನ್-1 ನಮೂನೆಯನ್ನು 30 ದಿನಗಳಲ್ಲಿ ಕಂಪನಿಗೆ ಕೊಡಬೇಕು. ಅದು ಕೈಸೇರಿದ 30 ದಿನಗಳೊಳಗೆ ಕಂಪನಿ ಬೆನ್-2 ನಮೂನೆಯನ್ನು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು.

‘ಪ್ರತಿ ವರ್ಷ ರಿಟರ್ನಿನಲ್ಲಿ ಷೇರುದಾರರ ಪಟ್ಟಿ ಹೋಗುತ್ತದಲ್ಲ’ ಎಂಬ ಆಕ್ಷೇಪ ಸಹಜವೇ. ಆ ಪಟ್ಟಿಯಲ್ಲಿರುವುದು ದಾಖಲೆಯ ಹೆಸರು. ಅದರ ಹಿಂದೆ ಯಾರಿದ್ದಾರೆಂದು ಅದು ಹೇಳದು. ಸಣ್ಣ ಕಂಪನಿಗೆ ಇದು ಹೊರೆ ಎಂಬ ಮಾತಿನಲ್ಲೂ ಹುರುಳಿದೆ, ಕಾಯ್ದೆಯೂ ಅದನ್ನು ಒಪ್ಪಿದೆ: 446ಬಿ ಕಲಮಿನ ಪ್ರಕಾರ ಸಣ್ಣ ಕಂಪನಿಗಳಿಗೂ ರೈತ ಉತ್ಪಾದಕ ಕಂಪನಿಗಳಿಗೂ ದಂಡ ಅರ್ಧಕ್ಕಿಂತ ಹೆಚ್ಚಾಗದು. ಆದರೆ ಕಡಿಮೆಯಾಗುವುದು ದಂಡ ಮಾತ್ರ, ಕರ್ತವ್ಯವಲ್ಲ. ಹೇಗೂ 2023ರಿಂದ ಬ್ಯಾಂಕುಗಳೂ ಕಂಪನಿ ಖಾತೆಯ ಕೆವೈಸಿಯಲ್ಲಿ ಇದೇ ಶೇ 10ರ ಲೆಕ್ಕ ಕೇಳುತ್ತಿವೆ. ಅಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು ಹೆಸರು ಇದ್ದರೆ ಉತ್ತರ ಕೊಡಬೇಕಾದವರು ನಿರ್ದೇಶಕರೇ.

ನನ್ನ ಮಟ್ಟಿಗೆ ಇದಕ್ಕಿಂತ ಅಪಾಯಕಾರಿಯಾದ ನಂಬಿಕೆ ಇನ್ನೊಂದಿದೆ: ‘ಷೇರು ಹೆಂಡತಿಯ ಹೆಸರಲ್ಲಿದೆ, ದುಡ್ಡು ನನ್ನದು, ಮನೆಯ ಮಾತು ಮನೆಯಲ್ಲೇ ಇರಲಿ.’ 89ನೇ ಕಲಮಿನಂತೆ ಹೆಸರಿನ ಒಡೆಯರು ಎಂಜಿಟಿ-4, ಲಾಭದ ಒಡೆಯರು ಎಂಜಿಟಿ-5 ನಮೂನೆಯನ್ನು ಕಂಪನಿಗೆ ಕೊಡಬೇಕು. ಕಂಪನಿ ಅದನ್ನು ಎಂಜಿಟಿ-6 ಮೂಲಕ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಲಾಭದ ಒಡೆಯರು ಘೋಷಿಸದಿದ್ದರೆ ಆ ಷೇರಿನ ಮೇಲಿನ ಹಕ್ಕನ್ನು ಅವರು ಜಾರಿಗೆ ತರಲಾಗದು; ಅವರ ಮೂಲಕ ಹಕ್ಕು ಕೇಳುವ ಮಕ್ಕಳಿಗೂ ಆಗದು. ದಂಡವನ್ನು ಕಟ್ಟಿ ಮುಗಿಸಬಹುದು, ಈ ನಷ್ಟ ಪಾಲಾಗುವ ದಿನ ಎದುರಾಗುತ್ತದೆ. ಹೀಗಾಗಿ ಆಡಿಟರ್ ಹೊಸ ಕಂಪನಿಯ ಕಡತ ತೆರೆದಾಗ ಪ್ರತಿ ಷೇರುದಾರರ ಹೆಸರಿನ ಎದುರು ‘ದುಡ್ಡು ಯಾರದು, ಲಾಭಾಂಶ ಯಾರಿಗೆ ಹೋಗುತ್ತದೆ’ ಎಂದು ಬರೆಸಿಕೊಳ್ಳಬೇಕು. ಗಡುವು ಮೀರಿದ್ದರೂ, ನೋಟಿಸಿಗೆ ಕಾಯದೆ ತಡ ಶುಲ್ಕ ಕಟ್ಟಿ ನಮೂನೆ ಸಲ್ಲಿಸುವುದೇ ಲೇಸು.