ಎಂ.ಎಸ್. ಕಾಯಿಲೆ ಮತ್ತು ವಂಶವಾಹಿ: ಸಂಶೋಧನೆ ಹೇಳುವುದೇನು?



ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂದು ವೈದ್ಯರು ಹೇಳಿದೊಡನೆ ಮನೆಯವರು ಕೇಳುವುದು ಎರಡು ಪ್ರಶ್ನೆ: ಇದು ವಂಶದ ಕಾಯಿಲೆಯೇ? ಮಕ್ಕಳ ಮದುವೆ ಸಂಬಂಧಕ್ಕೆ ಅಡ್ಡಿಯಾಗುತ್ತದೆಯೇ? ಈ ಭಯದಿಂದ ಕಾಯಿಲೆಯನ್ನು ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ. ಆದ್ದರಿಂದ ಈ ವಿಷಯವನ್ನು ಇಲ್ಲಿ ಸರಳವಾಗಿ ವಿವರಿಸುತ್ತಿದ್ದೇವೆ.

ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿರುವ ಮಯಲಿನ್ ಹೊದಿಕೆಯನ್ನು ಹಾಳುಮಾಡುವುದು ಎಂ.ಎಸ್. ವಿದ್ಯುತ್ ತಂತಿಯ ರಬ್ಬರ್ ಸುಲಿದರೆ ಹೇಗೋ ಹಾಗೆ. ಒಂದು ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಆರಂಭವಾಗುತ್ತದೆ, ಮಹಿಳೆಯರಲ್ಲಿ ಹೆಚ್ಚು.

ಇದಕ್ಕೂ ಎಚ್‌ಎಲ್‌ಎ ಎಂಬ ವಂಶವಾಹಿಗಳಿಗೂ ಇರುವ ನಂಟು 1970ರ ದಶಕದಲ್ಲೇ ತಿಳಿಯಿತು. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ 47,000ಕ್ಕೂ ಹೆಚ್ಚು ರೋಗಿಗಳನ್ನು ಆರೋಗ್ಯವಂತರೊಂದಿಗೆ ಹೋಲಿಸಿ, 200ಕ್ಕೂ ಹೆಚ್ಚು ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಿತು. ಅವುಗಳಲ್ಲಿ ಬಹುತೇಕದ ಪ್ರಭಾವ ಒಂದೊಂದಾಗಿ ನೋಡಿದರೆ ತೀರಾ ಚಿಕ್ಕದು. ಪಾಶ್ಚಾತ್ಯ ದೇಶಗಳ ಅಧ್ಯಯನಗಳ ಪ್ರಕಾರ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಎಂ.ಎಸ್. ಇದ್ದರೂ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಪ್ರಕರಣದಲ್ಲಿ ಮಾತ್ರ. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ 100ಕ್ಕೆ ಸುಮಾರು 2ರಿಂದ 3. ಉಳಿದ ಕಾರಣಗಳಲ್ಲಿ ಎಪ್‌ಸ್ಟೈನ್-ಬಾರ್ ವೈರಸ್, ಧೂಮಪಾನ, ವಿಟಮಿನ್ ಡಿ ಕೊರತೆ ಸೇರಿವೆ. ಅಂದರೆ ವಂಶವಾಹಿ ಒಲವನ್ನು ಕೊಡುತ್ತದೆ, ಕಾಯಿಲೆ ಬಂದೇ ಬರುತ್ತದೆ ಎಂದಲ್ಲ.

ಚಿಕಿತ್ಸೆಗೂ ಈ ಸಂಶೋಧನೆ ನೆರವಾಗಿದೆ. ಕೀಲುವಾತಕ್ಕೆ ಕೊಡುವ, ಟಿಎನ್‌ಎಫ್ ಅನ್ನು ತಡೆಯುವ ಔಷಧಗಳು ಎಂ.ಎಸ್. ಅನ್ನು ಉಲ್ಬಣಗೊಳಿಸುವುದೇಕೆ ಎಂಬುದಕ್ಕೆ 2012ರಲ್ಲಿ ಒಂದು ವಂಶವಾಹಿ ವ್ಯತ್ಯಾಸದಿಂದ ಸುಳಿವು ಸಿಕ್ಕಿತು. ಕಾಯಿಲೆಯಿಂದ ಅಂಗವೈಕಲ್ಯ ಬೇಗ ಹೆಚ್ಚುವುದಕ್ಕೆ ನಂಟಿರುವ ವ್ಯತ್ಯಾಸವೊಂದು 2023ರಲ್ಲಿ ಪತ್ತೆಯಾಯಿತು. ಪೂರ್ಣ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಆದರೆ ಕಾಯಿಲೆ ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧಗಳಿವೆ, ಬೇಗ ಆರಂಭಿಸಿದಷ್ಟು ಒಳ್ಳೆಯದು.

ಪೋಷಕರಲ್ಲಿ ನಮ್ಮ ವಿನಂತಿ: ಎಂ.ಎಸ್. ಪತ್ತೆಗೆ ವಂಶವಾಹಿ ಪರೀಕ್ಷೆ ಬೇಕಿಲ್ಲ, ಅದಕ್ಕಾಗಿ ಸಾಲ ಮಾಡಬೇಡಿ. ನರರೋಗ ತಜ್ಞರು ತಪಾಸಣೆ ಹಾಗೂ ಎಂಆರ್‌ಐ ಮೂಲಕ, ಅಗತ್ಯವಿದ್ದರೆ ಬೆನ್ನುಹುರಿಯ ದ್ರವ ಪರೀಕ್ಷಿಸಿ ತಿಳಿಯುತ್ತಾರೆ. ತಾಯಿಗೆ ಕಾಯಿಲೆ ಎಂದು ಮಗಳನ್ನು ಕಾಲೇಜು ಬಿಡಿಸಬೇಡಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮನೆಯ ಚಿಕಿತ್ಸಾ ವೆಚ್ಚವನ್ನು ಸಂಕೋಚವಿಲ್ಲದೆ ಬರೆಯಿರಿ, ವಿವರ ಗೌಪ್ಯವಾಗಿರುತ್ತದೆ.

ದಾನಿಗಳೇ, ಈ ಔಷಧಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕು. ಅಂತಹ ಮನೆಯಲ್ಲಿ ಶುಲ್ಕದ ಹಣವೇ ಮೊದಲು ಮದ್ದಿಗೆ ಹೋಗುತ್ತದೆ. ಆ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವುದು ನಿಮ್ಮ ನೆರವಿನಿಂದಲೇ ಸಾಧ್ಯ. ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ರೋಗಿಗಳಿಗೆ ಶಿಫಾ ನೀಡಲಿ. ಆಮೀನ್.